ಗೇರು ತೋಟದ ಚಿತ್ರಗಳ ಮಾರಾಟ ಕ್ರಮದಲ್ಲಿ ಬದಲಾವಣೆ

ಮಾನ್ಯ ಗ್ರಾಹಕರೇ,

ಮಂಗಳೂರಿನ ನಮ್ಮ ಚಿತ್ರ ಮತ್ತು ಫ್ರೇಮ್ ಮಳಿಗೆಯಲ್ಲಿರುವ ಗೇರು ತೋಟದ ಚಿತ್ರಮಾಲೆಯ ಮಾರಾಟ ಕ್ರಮವು ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಬದಲಾಗಲಿದೆ. ಈ ಚಿತ್ರಗಳಿಗೆ ನಾವು ಇನ್ನು ಮುಂದೆ ಕಮಿಷನ್ ಪಡೆಯುವುದಿಲ್ಲ. ಕಲಾವಿದೆಯವರೂ ಬಣ್ಣ, ಹಲಗೆ ಮೊದಲಾದ ಸಾಮಗ್ರಿಗಳ ಖರ್ಚನ್ನಷ್ಟೇ ಇಟ್ಟುಕೊಂಡು, ಉಳಿದ ಹಣವನ್ನು ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಬಾಧಿತವಾದ ಕುಟುಂಬಗಳ ಆರೈಕೆಗೆ ನೀಡಲು ನಿರ್ಧರಿಸಿದ್ದಾರೆ. ಆದುದರಿಂದ ಈ ಚಿತ್ರಗಳಿಗೆ ಹಬ್ಬದ ರಿಯಾಯಿತಿಯಾಗಲಿ, ಹಳೆಯ ಗ್ರಾಹಕರಿಗೆ ನಾವು ಕೊಡುತ್ತಾ ಬಂದಿರುವ ಕಡಿತವಾಗಲಿ ಅನ್ವಯಿಸುವುದಿಲ್ಲ.

ನಮ್ಮ ಜಿಲ್ಲೆಯವರಿಗೆ ಈ ವಿಷಯ ಹೊಸದೇನಲ್ಲ. ಗೇರಿಗೆ ತಗಲುವ ‘ಟೀ ಸೊಳ್ಳೆ’ ಎಂಬ ಕೀಟದ ಹತೋಟಿಗೆಂದು 1980ರ ದಶಕದಿಂದ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಗುತ್ತಿತ್ತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆಯಂಥ ಊರುಗಳಲ್ಲಿ ಅದರ ಕೆಳಗೇ ಮನೆ, ಬಾವಿ, ಹಟ್ಟಿಗಳಿದ್ದವು. 2011ರಲ್ಲಿ ಸುಪ್ರೀಂ ಕೋರ್ಟ್ ಈ ಕೀಟನಾಶಕದ ತಯಾರಿ, ಮಾರಾಟ ಮತ್ತು ಬಳಕೆಯನ್ನು ತಡೆಯಿತು. ಆದರೆ ಅದರಿಂದ ಬಾಧಿತರಾಗಿ ಎದ್ದು ಕೂರಲಾಗದ ಮಗ ಅಥವಾ ಮಗಳನ್ನು ಹಗಲಿರುಳು ನೋಡಿಕೊಳ್ಳುತ್ತಿರುವ ತಾಯಂದಿರಿಗೆ ಈಗ ವಯಸ್ಸಾಗುತ್ತಿದೆ. ಸರಕಾರದ ಮಾಸಾಶನವಿದ್ದರೂ ಅವರಿಗೆ ಒಂದು ದಿನದ ಬಿಡುವು ಸಿಗುವುದು ಕಷ್ಟ. ಹಣ ಮುಖ್ಯವಾಗಿ ಬಳಕೆಯಾಗಬೇಕಾದದ್ದು ಆ ಬಿಡುವಿಗೆ, ಅಂದರೆ ಹಗಲು ಆರೈಕೆ ಮತ್ತು ಫಿಸಿಯೋಥೆರಪಿಗೆ, ಎಂಬುದು ಕಲಾವಿದೆಯವರ ಅಪೇಕ್ಷೆ. ನಮ್ಮ ಅಭಿಪ್ರಾಯವೂ ಅದೇ.

ಚಿತ್ರಗಳನ್ನು ಕಂಡವರಿಗೆ ಅವುಗಳ ಬಣ್ಣ ಗೊತ್ತಿದೆ. ಕಡು ಹಳದಿ, ಗೇರುಹಣ್ಣಿನ ಕೆಂಪು, ಎಳೆ ಚಿಗುರಿನ ತಾಮ್ರವರ್ಣ. ದುಃಖದ ವಿಷಯಕ್ಕೆ ಬೂದು ಬಣ್ಣವೇ ಬೇಕೆಂಬ ಕಟ್ಟಳೆಯನ್ನು ಕಲಾವಿದೆಯವರು ಒಪ್ಪಿಲ್ಲ. ಸುಣ್ಣದ ತಳದ ಮೇಲೆ ಕೆಮ್ಮಣ್ಣು ಹಚ್ಚಿ, ಅದರ ಮೇಲೆ ಅಡಿಕೆ ಹಾಳೆಯ ಸೀಳುಗಳನ್ನೂ ಕೈಮಗ್ಗದ ಉಡುಪಿ ಸೀರೆಯ ಅಂಚುಗಳನ್ನೂ ಅಂಟಿಸಿ, ಕೊನೆಗೆ ಅಕ್ರಿಲಿಕ್ ಬಣ್ಣ ಕೊಡುತ್ತಾರೆ. ಹತ್ತಿರದಿಂದ ನೋಡಿದರೆ ಬಣ್ಣದಡಿಯಲ್ಲಿ ಹಾಳೆಯ ನಾರು ಎದ್ದು ಕಾಣುತ್ತದೆ. ಇಂಥ ಉಬ್ಬುಗಳಿಗೆ ಗಾಜು ತಗಲಿದರೆ ಆಟಿ ತಿಂಗಳ ಮಳೆಯ ತೇವಕ್ಕೆ ಬೂಷ್ಟು ಹಿಡಿಯುವುದರಿಂದ, ಗಾಜಿಗೂ ಚಿತ್ರಕ್ಕೂ ನಡುವೆ ಅಂತರವಿರುವ ಬಾಕ್ಸ್ ಫ್ರೇಮನ್ನೇ ಇನ್ನು ಹಾಕುತ್ತೇವೆ. ಅದರ ದರ ಮಾಮೂಲಿ ಫ್ರೇಮಿಗಿಂತ ಹೆಚ್ಚು. ಮಳೆಗಾಲದಲ್ಲಿ ಮರ ಒಣಗಲು ಸಮಯವೂ ಹಿಡಿಯುತ್ತದೆ.

ಬಿಲ್ಲಿನಲ್ಲಿ ಸಾಮಗ್ರಿಯ ಖರ್ಚು, ಫ್ರೇಮಿನ ದರ ಮತ್ತು ಆರೈಕೆಗೆ ಸಲ್ಲುವ ಮೊತ್ತ ಪ್ರತ್ಯೇಕವಾಗಿ ನಮೂದಾಗಿರುತ್ತವೆ. ಹಣ ಸಂದಾಯವಾದ ರಸೀದಿಯ ಪ್ರತಿ ಮಳಿಗೆಯಲ್ಲಿ ಯಾರಿಗೂ ನೋಡಲು ಸಿಗುತ್ತದೆ. ಚಿತ್ರವನ್ನು ಕೊಳ್ಳುವುದು ಖರೀದಿಯೇ ಹೊರತು ದೇಣಿಗೆಯಲ್ಲವಾದುದರಿಂದ ಈ ಬಿಲ್ಲಿನ ಮೇಲೆ ದೇಣಿಗೆಗಳಿಗೆ ಸಿಗುವ ಆದಾಯ ತೆರಿಗೆ ರಿಯಾಯಿತಿ ದೊರೆಯುವುದಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು. ಸಹಾಯ ಮಾಡುವುದಷ್ಟೇ ಉದ್ದೇಶವಾಗಿದ್ದರೆ ಬಾಧಿತರ ಆರೈಕೆ ಕೇಂದ್ರಕ್ಕೆ ನೇರವಾಗಿ ಕೊಡುವುದೇ ಒಳ್ಳೆಯದು. ಪ್ರತಿದಿನ ಕಣ್ಣೆದುರು ಇರಲಿ ಎನಿಸುವ ಚಿತ್ರವನ್ನು ಮಾತ್ರ ಆರಿಸಿಕೊಳ್ಳಿರೆಂದು ನಮ್ಮ ಮನಃಪೂರ್ವಕ ವಿನಂತಿ.

ಈಗಾಗಲೇ ಮುಂಗಡ ಕೊಟ್ಟಿರುವವರಿಗೆ ಹಿಂದಿನ ದರವೇ ಇರುತ್ತದೆ. ಅವರ ಚಿತ್ರಗಳಿಗೂ ಬಾಕ್ಸ್ ಫ್ರೇಮನ್ನೇ ಹಾಕಿ, ಹೆಚ್ಚುವರಿ ಖರ್ಚನ್ನು ಮಳಿಗೆಯೇ ಭರಿಸುತ್ತದೆ.

ತಮ್ಮ ವಿಶ್ವಾಸಿಗಳು,
ಮಳಿಗೆಯ ಪಾಲುದಾರರು
ಮಂಗಳೂರು