ಒಂದು ಸಾಲಿನ ಮಳೆಗೆ ಎಷ್ಟು ಖರ್ಚು?

ಪ್ರೀತಿಯ ತಂಗಿ,

ನಿನ್ನ ಚಿತ್ರಕಥೆ ಓದಿದೆ. ಅಜ್ಜಿ ಅಡಿಕೆ ಸುಲಿಯುತ್ತಲೇ ಮಗನ ಸಾಲದ ಗುಟ್ಟು ಬಿಚ್ಚುವ ಸೀನ್ ತುಂಬಾ ಹಿಡಿಸಿತು. ಆದರೆ ಬರೆಯೋದು, ನಿರ್ದೇಶನ, ನಿರ್ಮಾಣ ಮೂರೂ ನಾನೇ ಮಾಡ್ತೀನಿ ಅಂದಿದ್ದೀಯಲ್ಲ, ಅದಕ್ಕೇ ಈ ಪತ್ರ.

"ರಾತ್ರಿ. ಧೋ ಎಂದು ಮಳೆ. ಅಂಗಳದಲ್ಲಿ ಅಪ್ಪ ಮಗಳ ಜಗಳ." ಹೀಗೆ ಒಂದೇ ಸಾಲಲ್ಲಿ ಬರೆದು ಮುಗಿಸಿದ್ದೀಯ. ಆಗುಂಬೆಯಲ್ಲಿ ಮಳೆಗೇನು ಬರವೇ ಅಂದುಕೊಂಡಿರಬೇಕು. ಆ ಮಳೆ ಕ್ಯಾಮೆರಾಗೆ ಸರಿಯಾಗಿ ಕಾಣುವುದೇ ಇಲ್ಲ ಮಾರಾಯ್ತಿ! ಹನಿಗಳ ಹಿಂದಿನಿಂದ ಲೈಟ್ ಬೀಳಬೇಕು. ರಾತ್ರಿ ಅಂದಮೇಲೆ ದೊಡ್ಡ ಲೈಟು, ಜನರೇಟರ್. ಎರಡು ಶಾಟ್‌ಗಳ ನಡುವೆ ಮಳೆ ನಿಂತರೆ ಒಂದಕ್ಕೊಂದು ತಾಳೆಯಾಗದೆ ಕಂಟಿನ್ಯೂಟಿ ಹೋಯ್ತು. ಅದಕ್ಕೇ ಮಳೆಗಾಲದಲ್ಲೂ ಟ್ಯಾಂಕರ್ ನೀರು ತರಿಸಿ ಮಳೆ ಸುರಿಸುವುದು. ಅಪ್ಪ ಒಣ ಬಟ್ಟೆಯಲ್ಲಿ ಅಂಗಳಕ್ಕೆ ಇಳಿಯುತ್ತಾನೆ ತಾನೆ? ಹಾಗಾದರೆ ಪ್ರತಿ ಟೇಕ್‌ಗೂ ಒಣಗಿದ್ದು ಸಿಗುವಂತೆ ಒಂದೇ ಥರದ ಅಂಗಿ ನಾಲ್ಕೈದು ಬೇಕು. ನೀರಿನ ಸದ್ದಿಗೆ ಮಾತು ಕೇಳಿಸದು, ಡಬ್ಬಿಂಗ್ ಖರ್ಚು ಬೇರೆ.

ಮಳೆಯೇ ಬೇಡ ಅಂತಲ್ಲ. 'ದ್ವೀಪ' ಸಿನಿಮಾದಿಂದ ಮಳೆ ತೆಗೆದರೆ ಏನು ಉಳೀತದೆ? ಅಣೆಕಟ್ಟಿನ ನೀರು ಏರುತ್ತಾ ಬರುವ ಕತೆ ಅದು. ಆದರೆ ನೋಡು, ಅಲ್ಲಿ ಕಾದಂಬರಿ ಸಾಗರದ ನಾ. ಡಿಸೋಜರದ್ದು, ನಿರ್ದೇಶನ ಗಿರೀಶ್ ಕಾಸರವಳ್ಳಿಯವರದ್ದು, ನಟಿಸಿ ದುಡ್ಡೂ ಹಾಕಿದ್ದು ಸೌಂದರ್ಯ. ಹೊರೆ ಹಂಚಿಹೋಗಿತ್ತು.

ನಿನ್ನ ಜಗಳವನ್ನು ಜಗುಲಿಗೆ ತಂದು ನೋಡು. ಹೊರಗೆ ಕತ್ತಲು, ಸೂರಿನ ನೀರಿನ ಸದ್ದು ಮಾತ್ರ. ಸದ್ದನ್ನು ಆಮೇಲೆ ಸೇರಿಸಬಹುದು. ದೂರ ಸರಿಯಲು ಜಾಗವಿಲ್ಲ, ಅಡುಗೆಮನೆಯಲ್ಲಿ ಅಮ್ಮ ಎಲ್ಲ ಕೇಳಿಸಿಕೊಳ್ತಿದ್ದಾಳೆ. ಇಬ್ಬರೂ ದನಿ ತಗ್ಗಿಸಲೇಬೇಕು. ಖರ್ಚು ಇಳಿಯಿತು, ಜಗಳ ಬಿಗಿಯಾಯಿತು, ಅಲ್ವಾ?

ಈ ಲೆಕ್ಕ ಬೇಗ ಕಲಿಯಬೇಕಾದರೆ ಒಂದೆರಡು ವರ್ಷ ಸೀರಿಯಲ್‌ಗೆ ಬರಿ. ಮೂಗು ಮುರಿಯಬೇಡ, ಭೈರಪ್ಪನವರ 'ಗೃಹಭಂಗ' ಕಾದಂಬರಿಯನ್ನು ಧಾರಾವಾಹಿ ಮಾಡಿದ್ದು ಕಾಸರವಳ್ಳಿಯವರೇ. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದು ನಿನಗೆ ಸಿಗುವುದು ಸುಮಾರು 22 ನಿಮಿಷ. ಅತ್ತೆ ಪಾತ್ರದವರು ಬೆಳಿಗ್ಗೆ ಫೋನ್ ಮಾಡಿ ಜ್ವರ ಅಂದರೆ, ಮಧ್ಯಾಹ್ನದೊಳಗೆ ಅವರಿಲ್ಲದ ಸೀನ್ ಬರೆದುಕೊಡಬೇಕು. ಟಿಆರ್‌ಪಿ ಇಳಿದರೆ ಕತೆಯ ದಿಕ್ಕೇ ತಿರುಗುತ್ತದೆ. ಅದು ನನಗೂ ಹಿಡಿಸುವುದಿಲ್ಲ, ಆದರೆ ಕೈ ಮಾತ್ರ ಪಳಗುತ್ತದೆ.

ತೋಟ ಅಡ ಇಟ್ಟು ನಿರ್ಮಾಪಕಿ ಆಗುವ ಮಾತು ಸದ್ಯಕ್ಕೆ ಬೇಡ. ಯಾರಿಗಾದರೂ ಕತೆ ಕೊಡುವಾಗ ಟೈಟಲ್ ಕಾರ್ಡ್‌ನಲ್ಲಿ ನಿನ್ನ ಹೆಸರು ಹೇಗೆ ಬರಬೇಕು ಅನ್ನೋದನ್ನು ಕರಾರಿನಲ್ಲೇ ಬರೆಸಿಕೋ. ಬಾಯಿಮಾತು ನಂಬಬೇಡ.

ದಸರಾ ರಜೆಗೆ ಶಿವಮೊಗ್ಗಕ್ಕೆ ಬರ್ತೀಯಲ್ಲ, ಆಗ ಒಂದು ಪಟ್ಟಿ ತಾ. ಪ್ರತಿ ಸೀನ್‌ಗೂ ಯಾವ ಜಾಗ, ಹಗಲೋ ರಾತ್ರಿಯೋ, ಎಷ್ಟು ಜನ ಅಂತ ಇರಲಿ. ಊಟದ ಖರ್ಚನ್ನೂ ಸೇರಿಸು, ಹೊಸಬರು ಮರೆಯುವುದು ಅದನ್ನೇ.

ನಿನ್ನ
ಅಣ್ಣ