90 ದಿನದ ದುಡಿಮೆಗೆ ಒಂದು ಸಹಿ ಕೊಡಿ

ಮಾನ್ಯರೇ,

ಗೋವೆಯಲ್ಲಿ ಕಟ್ಟಡ ಕೆಲಸಕ್ಕೆ ಆಳು ಸಿಗುತ್ತಿಲ್ಲ ಎಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ಮಾತು ನಿಜ. ಕೂಲಿಯವರು ಕೆಲಸಕ್ಕೆ ಕಾಯುವ ಮಡಗಾಂವ್, ಮಾಪ್ಸಾ ನಾಕಾಗಳಲ್ಲಿ ಬೆಳಗ್ಗೆ ಬುತ್ತಿಗಂಟು ಹಿಡಿದು ನಿಲ್ಲುತ್ತಿದ್ದ ವಿಜಯಪುರ, ಬಾಗಲಕೋಟೆ, ಕೊಪ್ಪಳದ ಮಂದಿ ಈಗ ಕಡಿಮೆಯಾಗಿದ್ದಾರೆ. ಕಾಲುವೆ ನೀರು ಬಂದ ಊರುಗಳಲ್ಲಿ ಹೊಲದಲ್ಲೇ ಕೆಲಸವಿದೆ. 2023ರಿಂದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಮನೆಯೊಡತಿಗೆ ಸಿಗುತ್ತಿದೆ. ಹೀಗಿರುವಾಗ ಶೌಚಾಲಯವೂ ಇಲ್ಲದ ತಗಡಿನ ಶೆಡ್ಡಿನಲ್ಲಿ ಗೋವೆಯ ಮಳೆಗಾಲ ಕಳೆಯಲು ಯಾರಿಗೆ ಮನಸ್ಸಾದೀತು? ಕೆಲವರು ಇದನ್ನು ಸೋಮಾರಿತನ ಎನ್ನುತ್ತಾರೆ. ಕಾಂಕ್ರೀಟ್ ಬುಟ್ಟಿ ಹೊತ್ತು ನಾಲ್ಕನೇ ಮಹಡಿ ಹತ್ತುವ ಹೆಂಗಸರನ್ನು ಕಂಡವರು ಆ ಮಾತು ಆಡಬಾರದು.

ಕೂಲಿ ನೂರು ರೂಪಾಯಿ ಏರಿಸಿದರೆ ಜನ ಬರಬಹುದು, ನಿಲ್ಲುವುದಿಲ್ಲ. ನಿಲ್ಲಬೇಕಾದರೆ ಕಾನೂನು ಕೊಟ್ಟ ಭದ್ರತೆ ಅವರ ಕೈಸೇರಬೇಕು. 1996ರ ಕಾಯ್ದೆಯಿಂದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಬಂತು. ನಿರ್ಮಾಣ ವೆಚ್ಚದ ಶೇ 1ರಷ್ಟು ಸೆಸ್ ಅದಕ್ಕೇ ಮೀಸಲು. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿದ್ದರೆ ಹೆಸರು ನೋಂದಾಯಿಸಬಹುದು. ಕಾನೂನು ಯಾವ ರಾಜ್ಯದವರೆಂದು ಕೇಳುವುದಿಲ್ಲ. ಅಪಘಾತ, ಹೆರಿಗೆ, ಮಕ್ಕಳ ಓದು, ಪಿಂಚಣಿ, ಎಲ್ಲಕ್ಕೂ ಆ ನೋಂದಣಿಯೇ ಆಧಾರ.

ಆದರೆ 90 ದಿನ ದುಡಿದದ್ದಕ್ಕೆ ಯಾರಾದರೂ ಸಹಿ ಹಾಕಬೇಕಲ್ಲ? ಬಾದಾಮಿ ಕಡೆಯ ಗೌಂಡಿಯೊಬ್ಬರಿಗೆ ನಾನೇ ಅರ್ಜಿ ತುಂಬಿಕೊಟ್ಟಿದ್ದೆ. ಬಟವಡೆಯ ದಿನ ಅದನ್ನು ಮುಂದಿಟ್ಟಾಗ ಗುತ್ತಿಗೆದಾರರು ‘ಮುಂದಿನ ವಾರ ನೋಡೋಣ’ ಎಂದು ಹಾಜರಿ ಪುಸ್ತಕ ಮುಚ್ಚಿದರು. ಅದರಲ್ಲಿ ಗೌಂಡಿಯ ಹೆಸರೂ ಇರಲಿಲ್ಲ, ‘ಬಾದಾಮಿ’ ಎಂದಷ್ಟೇ ಇತ್ತು. ಆ ಮುಂದಿನ ವಾರ ಬರಲೇ ಇಲ್ಲ. ಬನಶಂಕರಿ ಜಾತ್ರೆಗೆ ಊರಿಗೆ ಹೋದ ಆ ಗೌಂಡಿ ಹಿಂದಿರುಗಲಿಲ್ಲ. ಗೋಡೆಗೆ ತೂಕದ ಗುಂಡು ಬಿಟ್ಟು ಕೂದಲೆಳೆಯಷ್ಟೂ ತಪ್ಪದಂತೆ ಕಟ್ಟುತ್ತಿದ್ದ ಕೈ ಅದು. ಅಂಥವರನ್ನು ಕಳೆದುಕೊಂಡು ಆಳಿಲ್ಲ ಎಂದರೆ ಹೇಗೆ?

ಮಕ್ಕಳ ಮಾತೂ ಇದೆ. ಟಿ.ಸಿ. ತಡವಾಯಿತೆಂದು ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಊರಿನ ರೇಷನ್ ಕಾರ್ಡಿಗೆ ಇಲ್ಲೂ ಅಕ್ಕಿ ಪಡೆಯಬಹುದು. ಇದನ್ನು ಶೆಡ್ಡಿನ ತಾಯಂದಿರಿಗೆ ತಿಳಿಸುವವರು ಬೇಕು.

ಗೋವೆಯ ಕಾರ್ಮಿಕ ಇಲಾಖೆ ಭಾನುವಾರಗಳಂದು ನಾಕಾದಲ್ಲೇ ನೋಂದಣಿ ಶಿಬಿರ ನಡೆಸಲಿ. ಕಾರ್ಮಿಕರ ಹೆಸರು, ದಿನಗಳಿರುವ ಹಾಜರಿ ಪಟ್ಟಿ ಕೊಡದ ಗುತ್ತಿಗೆದಾರರ ಕೊನೆಯ ಬಿಲ್ ತಡೆಹಿಡಿಯಲಿ. ಇಲ್ಲಿನ ಕನ್ನಡ ಸಂಘಗಳು ರಾಜ್ಯೋತ್ಸವದ ಖರ್ಚಿನಲ್ಲಿ ಒಂದಿಷ್ಟು ಉಳಿಸಿ, ಅರ್ಜಿ ತುಂಬಿಕೊಡಲು ನಾಲ್ಕು ಹುಡುಗರನ್ನು ಆ ಶಿಬಿರಕ್ಕೆ ಕಳಿಸಲಿ. ನಾನೂ ಬಂದು ಕೂರುತ್ತೇನೆ.

– ನಿಮ್ಮ ಓದುಗ, ವಾಸ್ಕೋ, ಗೋವಾ