ಬೀಜ ಬ್ಯಾಂಕೋ, ಬೂಷ್ಟಿನ ಗೋದಾಮೋ?

ಮಾನ್ಯ ಸಂಪಾದಕರೇ,

ರೈತರ ನಾಟಿ ತಳಿಗಳ ಬೀಜ ಕಾಪಿಡಲೆಂದು ಸಂತೆಮಾಳದ ಪಕ್ಕ ಮಾಡಿದ ಬೀಜ ಬ್ಯಾಂಕಿನಲ್ಲಿ ರಾಜಮುಡಿ, ರತ್ನಚೂಡಿ ಭತ್ತ ಮುಗ್ಗಿ ಹೋದ ವರದಿ ಓದಿದೆವು. ರೈತರು ಕೊಟ್ಟ ಬೀಜವೇ ಹಳೆಯದಂತೆ! ಅಧಿಕಾರಿಗಳ ಈ ಮಾತಿಗೆ ಮೈ ಉರಿಯಿತು. ಕೊಟ್ಟಾಗ ಅದು ಆ ವರ್ಷದ ಸುಗ್ಗಿಯ ಬೀಜ. ಒಂದು ಮಳೆಗಾಲದಲ್ಲಿ ಅದನ್ನು ಕೆಡಿಸಿದ್ದು ಆ ಕಟ್ಟಡ.

ತಗಡಿನ ಸೂರು, ತೇವ ಎಳೆಯುವ ನೆಲ, ಗೋಡೆಗೆ ಒರಗಿಸಿದ ಗೋಣಿಚೀಲ. ಕೆಳಗೆ ಒಂದು ಮರದ ಹಲಗೆಯೂ ಇಲ್ಲ. ಜಡಿಮಳೆಯಲ್ಲಿ ಗಾಳಿಯ ತೇವ ಶೇ 80 ದಾಟಿದರೆ ಗೋಣಿಯ ಭತ್ತ ಶೇ 15ರ ಆಸುಪಾಸಿಗೆ ತೇವ ಕುಡಿಯುತ್ತದೆ. ಬೂಷ್ಟು ಹಿಡಿದು ಮೊಳಕೆ ಸಾಯುತ್ತದೆ. ಅವರೆ, ಅಲಸಂದೆಯನ್ನು ಸರಿಯಾಗಿ ಒಣಗಿಸದೆ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದದ್ದು ಇನ್ನೂ ದೊಡ್ಡ ತಪ್ಪು. ಗಾಳಿಯಾಡದ ಡಬ್ಬಿಗೆ ಹಾಕುವ ಬೀಜದ ತೇವ ಶೇ 8ಕ್ಕೆ ಇಳಿದಿರಬೇಕು. ನೆರಳಲ್ಲಿ ಒಣಗಿಸಿ, ಬೀಜದಷ್ಟೇ ತೂಕದ ಸಿಲಿಕಾ ಜೆಲ್ ಅನ್ನು ಬಟ್ಟೆಯಲ್ಲಿ ಕಟ್ಟಿ ಡ್ರಮ್ಮಿನೊಳಗಿಟ್ಟರೆ ಉಳಿದ ನೀರನ್ನು ಅದೇ ಎಳೆದುಕೊಳ್ಳುತ್ತದೆ. ಜೆಲ್ ಬಣ್ಣ ತಿರುಗಿದರೆ ಬಿಸಿ ಮಾಡಿ ಮತ್ತೆ ಬಳಸಬಹುದು. ತೇವ ಅಳೆಯುವ ಯಂತ್ರ ಇಲ್ಲವೇ? ಒಣಗಿದ ಗಾಜಿನ ಬಾಟಲಿಗೆ ಬೀಜ, ಒಣ ಉಪ್ಪು ಹಾಕಿ ಕುಲುಕಲಿ. ಉಪ್ಪು ಗಾಜಿಗೆ ಅಂಟಿದರೆ ಬೀಜ ಇನ್ನೂ ಶೇ 15ಕ್ಕಿಂತ ಹಸಿ. ತೇವ ಶೇ 1 ಇಳಿದರೆ ಬೀಜದ ಆಯಸ್ಸು ಸುಮಾರು ಇಮ್ಮಡಿಯಾಗುತ್ತದೆ, ಇದು ಬೀಜ ಕಾಯುವವರ ಮೊದಲ ಪಾಠ.

ಸಾಲದ್ದಕ್ಕೆ ಹಲಸಿನ ಬೀಜ, ಮಾವಿನ ವಾಟೆಯನ್ನೂ ಸೀಸೆಗೆ ತುಂಬಿ ಚೀಟಿ ಅಂಟಿಸಿದ್ದಾರೆ. ಅವು ಒಣಗಿದರೆ ಸಾಯುವ ಬೀಜಗಳು. ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕಿನ ಮೈನಸ್ 18 ಡಿಗ್ರಿಯ ಕೋಣೆಯಲ್ಲಿಟ್ಟರೂ ಉಳಿಯವು. ಅವನ್ನು ಕಸಿ ಕಟ್ಟಿ ತೋಟದಲ್ಲಿ ಮರವಾಗಿಯೇ ಉಳಿಸಬೇಕು.

ಈಗ ಆ ಬ್ಯಾಂಕಿನಿಂದ ತಂದು ಒಟ್ಲು (ಸಸಿಮಡಿ) ಬಿಟ್ಟ ಬೀಜ ಮೊಳೆತಿಲ್ಲ. ಪಾತಿ ಮತ್ತೆ ಉಳಬೇಕು, ಆಳಿನ ಕೂಲಿ ಮತ್ತೆ ಕೊಡಬೇಕು, ಅಂಗಡಿಯ ಬೀಜಕ್ಕೆ ಸಾಲ ಮಾಡಬೇಕು, ನಾಲೆಯ ನೀರು ಅಷ್ಟು ದಿನ ಕಾಯುವುದಿಲ್ಲ. 100 ಬೀಜ ಒದ್ದೆ ಗೋಣಿಯಲ್ಲಿ ಸುತ್ತಿ ಮೊಳಕೆ ಎಣಿಸಿದ್ದರೆ ವಿತರಣೆಗೆ ಮುಂಚೆಯೇ ತಿಳಿಯುತ್ತಿತ್ತು. ಎಣಿಸುವ ಪುರುಸೊತ್ತು ಯಾರಿಗಿತ್ತು? ಹೋದ ವರ್ಷ ರಿಯಾಯಿತಿ ಬೀಜ ಬಿತ್ತನೆ ಮುಗಿದ ಮೇಲೆ ಬಂತು. ಮಣ್ಣು ಪರೀಕ್ಷೆಗೆ ಕೊಟ್ಟವರಿಗೆ ಇನ್ನೂ ಚೀಟಿ ಸಿಕ್ಕಿಲ್ಲ. ಉದ್ಘಾಟನೆಗೆ ಮಾತ್ರ ಶಾಮಿಯಾನ ಹಾಕಿ ಎಲ್ಲರೂ ಬಂದಿದ್ದರು.

ಕೋಣೆಯನ್ನು ಕೂಡಲೇ ಸರಿಪಡಿಸಲಿ, ಆಗದಿದ್ದರೆ ಉಳಿದ ಬೀಜ ನಮಗೇ ಹಿಂದಿರುಗಿಸಲಿ. ಪ್ರತಿ ತಳಿಯ ಇನ್ನೊಂದು ಪಾಲು ಬೇರೆ ಊರಿನಲ್ಲಿರಲಿ. ಜವಾಬ್ದಾರರ ಮೇಲೆ ಕ್ರಮ ಆಗಲೇಬೇಕು. ನಮ್ಮ ಬೀಜವನ್ನು ಹಳೆಯದು ಎಂದವರು ಮೊದಲು ಆ ಮಾತು ವಾಪಸ್ ಪಡೆಯಲಿ.

– ಬೀಜ ಕೊಟ್ಟ ರೈತರು